ಹಲ್ಲಿ-ಓತಿಗಳ ಮ್ಯಾಕ್ರೋ: ದೂರ ಉಳಿದು ಹತ್ತಿರದ ಚಿತ್ರ ತೆಗೆಯುವುದು

(ಕಲಬುರಗಿಯಲ್ಲಿ ಛಾಯಾಗ್ರಹಣದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್‌ನ ಪೆಟ್ಟಿಗೆ ಮೇಲೆ 1:1 ಎಂದು ದಪ್ಪಗೆ ಅಚ್ಚಾಗಿರುತ್ತದೆ. ಕೊಂಡವರು ಮೊದಲ ದಿನವೇ ಆ ಅಂಕಿಯ ಬೆನ್ನು ಹತ್ತುತ್ತಾರೆ. ಇರುವೆಗೆ, ಜೇಡಕ್ಕೆ, ಹೂವಿನ ಕೇಸರಕ್ಕೆ ಅದು ಸರಿ. ಓತಿಕ್ಯಾತ, ಹಲ್ಲಿ, ಹಾವುರಾಣಿಗಳ ಮಾತು ಬಂದಾಗ ಅರ್ಧಕ್ಕರ್ಧ ಚಿತ್ರಗಳನ್ನು ಕೆಡಿಸುವುದೇ ಆ ಅಂಕಿ. ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ.

1:1 ಎಂದರೆ ಜೀವಿಯ ಅಳತೆ ಎಷ್ಟೋ ಸೆನ್ಸರ್ ಮೇಲೆ ಬೀಳುವ ಬಿಂಬವೂ ಅಷ್ಟೇ. 1:2 ಎಂದರೆ ಬಿಂಬ ಅದರ ಅರ್ಧ (ವರ್ಧನೆ 0.5), 1:4 ಎಂದರೆ ಕಾಲು (0.25). ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿ.ಮೀ. ಹಾಗಾಗಿ ಚೌಕಟ್ಟಿನಲ್ಲಿ ಹಿಡಿಸುವುದು 36 ಮಿ.ಮೀ. ಜಾಗ ಮಾತ್ರ, ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾ ಆದರೆ ಸುಮಾರು 23 ಮಿ.ಮೀ. ನಮ್ಮ ಕಡೆ ಬಯಲು ಹೊಲಗಳಲ್ಲಿ ಗಂಟಲ ಬೀಸಣಿಕೆ ಬಿಚ್ಚುವ ಪುಟ್ಟ ಓತಿ ಇದೆಯಲ್ಲ, ಅದರ ಮೈ ಬಾಲ ಬಿಟ್ಟು 4ರಿಂದ 6 ಸೆಂ.ಮೀ., ಬಾಲ ಸೇರಿಸಿದರೆ 15 ಸೆಂ.ಮೀ. ಆಸುಪಾಸು. ಅದರ ಪೂರ್ತಿ ಮೈ ಬೇಕಾದರೆ ಸಾಕಾಗುವುದು 1:4. ತಲೆ ಮತ್ತು ಹೆಗಲಿಗೆ 1:2. ಬರೀ ಕಣ್ಣು ಬೇಕೆಂದಾಗ ಮಾತ್ರ 1:1. ಆ 1:1ರಲ್ಲಿ 100 ಮಿ.ಮೀ. ಮ್ಯಾಕ್ರೋ ಲೆನ್ಸ್‌ನ ಮೂತಿಗೂ ಜೀವಿಗೂ ನಡುವೆ ಉಳಿಯುವುದು 13-15 ಸೆಂ.ಮೀ.; ಬಿಸಿಲು ತಡೆಯಲು ಮೂತಿಗೆ ಸಿಕ್ಕಿಸುವ ಹುಡ್ ಹಾಕಿದರೆ ಇನ್ನೂ ಕಡಿಮೆ. ಎಚ್ಚರವಿರುವ, ಮೈ ಬೆಚ್ಚಗಿರುವ ಯಾವ ಓತಿಯೂ ನಿಮ್ಮನ್ನು ಗೇಣುದ್ದಕ್ಕೆ ಬಿಟ್ಟುಕೊಳ್ಳುವುದಿಲ್ಲ. ಬಿಟ್ಟುಕೊಂಡರೆ ಅದು ಚಳಿಗೆ ಮರಗಟ್ಟಿದೆ, ನಿದ್ದೆಯಲ್ಲಿದೆ, ಕಾಯಿಲೆ ಬಿದ್ದಿದೆ, ಇಲ್ಲವೇ ಯಾರೋ ಹಿಡಿದು ತಂದು ಕೂರಿಸಿದ್ದಾರೆ. ಜಾಲತಾಣಗಳಲ್ಲಿ ನೋಡುವ ಎಷ್ಟೋ "ಅದ್ಭುತ" ಮುಖಚಿತ್ರಗಳ ಹಿಂದಿನ ಗುಟ್ಟು ಈ ಕೊನೆಯದೇ.

ಆದ್ದರಿಂದ ಇವತ್ತಿನ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ: ಅರ್ಧ ಮೀಟರಿನಿಂದ ಒಂದೂವರೆ ಮೀಟರ್ ದೂರದಲ್ಲೇ ಉಳಿದು 1:4ರಿಂದ 1:2ರ ಚಿತ್ರ ತೆಗೆಯುವುದು ಹೇಗೆ?

ಮೊದಲು ಲೆನ್ಸ್. ಬಹಳ ಜನರ ಹತ್ತಿರ ಈಗಾಗಲೇ ಇರುವ 70-300 ಮಿ.ಮೀ. ಜೂಮ್ ಈ ಕೆಲಸಕ್ಕೆ ಒಳ್ಳೆಯ ಆರಂಭ. ಇಂಥ ಲೆನ್ಸ್‌ಗಳಲ್ಲಿ ಹೆಚ್ಚಿನವು 1.2ರಿಂದ 1.5 ಮೀಟರ್ ದೂರಕ್ಕೆ ಫೋಕಸ್ ಆಗುತ್ತವೆ, 300 ಮಿ.ಮೀ. ತುದಿಯಲ್ಲಿ 1:4ರ ಹತ್ತಿರ ಕೊಡುತ್ತವೆ. ಪೂರ್ತಿ ಮೈಯ ಚಿತ್ರಕ್ಕೆ ಬೇರೆ ಏನೂ ಬೇಡ. ಇನ್ನಷ್ಟು ಬೇಕಾದರೆ ದಾರಿ ಎರಡು. ಒಂದು, ಕ್ಯಾಮೆರಾಕ್ಕೂ ಲೆನ್ಸ್‌ಗೂ ನಡುವೆ ಕೂರುವ ಎಕ್ಸ್‌ಟೆನ್ಷನ್ ಟ್ಯೂಬ್. ಸಾಮಾನ್ಯವಾಗಿ 12, 20, 36 ಮಿ.ಮೀ.ನ ಮೂರು ಉಂಗುರಗಳ ಸೆಟ್ಟು. ಇದರ ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ವರ್ಧನೆ ಕೂಡುತ್ತದೆ ಎಂಬುದು ಸಿಗುತ್ತದೆ. 100 ಮಿ.ಮೀ. ಲೆನ್ಸ್‌ಗೆ 36ರ ಟ್ಯೂಬ್ ಹಾಕಿದರೆ 0.36 ಸೇರುತ್ತದೆ, ಅದೇ ಟ್ಯೂಬ್ 300 ಮಿ.ಮೀ.ಗೆ ಹಾಕಿದರೆ ಬರೀ 0.12. ಉದ್ದ ಲೆನ್ಸ್‌ಗೆ ಟ್ಯೂಬ್ ಅಷ್ಟಾಗಿ ಕೈ ಹಿಡಿಯುವುದಿಲ್ಲ, ಬೆಳಕನ್ನೂ ತಿನ್ನುತ್ತದೆ.

ಎರಡನೆಯದು ಲೆನ್ಸ್‌ನ ಮುಂದೆ ತಿರುಗಿಸಿ ಹಾಕುವ ಕ್ಲೋಸಪ್ ಗಾಜು. ಉದ್ದ ಲೆನ್ಸ್‌ಗೆ ಇದೇ ವಾಸಿ, ಬೆಳಕಿನ ನಷ್ಟವೂ ಇಲ್ಲವೆನ್ನುವಷ್ಟು ಕಡಿಮೆ. ಗಾಜಿನ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಹೇಳುತ್ತಾರೆ. 1000ವನ್ನು ಡಯಾಪ್ಟರ್‌ನಿಂದ ಭಾಗಿಸಿ, ಲೆನ್ಸ್ ಅನಂತಕ್ಕೆ ಫೋಕಸ್ ಆಗಿದ್ದಾಗ ಜೀವಿ ಎಷ್ಟು ಮಿ.ಮೀ. ದೂರದಲ್ಲಿರಬೇಕು ಎಂಬುದು ಬರುತ್ತದೆ. ಕ್ಯಾನನ್ 500ಡಿ ಗಾಜಿನ ಶಕ್ತಿ 2 ಡಯಾಪ್ಟರ್: ದೂರ 50 ಸೆಂ.ಮೀ., 300 ಮಿ.ಮೀ. ಲೆನ್ಸ್ ಮೇಲೆ ವರ್ಧನೆ 0.6. ರೇನಾಕ್ಸ್ ಡಿಸಿಆರ್-150 ಸುಮಾರು 4.8 ಡಯಾಪ್ಟರ್: ದೂರ ಸುಮಾರು 20 ಸೆಂ.ಮೀ. ಅದೇ ಕಂಪನಿಯ ಡಿಸಿಆರ್-250 ಎಂಟು ಡಯಾಪ್ಟರ್: ದೂರ 12 ಸೆಂ.ಮೀ. ಅಂಗಡಿಯವರು "ಜಾಸ್ತಿ ಪವರ್" ಎಂದು 250ನ್ನೇ ತೋರಿಸುತ್ತಾರೆ. ಓತಿಗೆ ಅದು ಕೆಲಸಕ್ಕೆ ಬಾರದು. 2 ಡಯಾಪ್ಟರ್‌ನ ಎರಡು ಪದರದ ಗಾಜೇ ಸರಿ. ಒಂದೇ ಪದರದ ಅಗ್ಗದ ಗಾಜುಗಳಲ್ಲಿ ಚಿತ್ರದ ಅಂಚಿಗೆ ನೇರಳೆ-ಹಸಿರು ಗೆರೆ ಬರುತ್ತದೆ, ಅದನ್ನು ಆಮೇಲೆ ಪೂರ್ತಿ ತೆಗೆಯಲು ಆಗದು. ಲೆನ್ಸ್ ತಿರುವುಹಾಕಿ ಜೋಡಿಸುವ ಹಳೆ ಉಪಾಯವನ್ನು ಇಲ್ಲಿ ಮರೆತುಬಿಡಿ, 50 ಮಿ.ಮೀ. ಲೆನ್ಸ್ ತಿರುವಿ ಹಾಕಿದರೆ ಉಳಿಯುವ ಜಾಗ ನಾಲ್ಕೈದು ಸೆಂ.ಮೀ. ಅಷ್ಟೇ.

ಕ್ರಾಪ್ ಮಾಡಲು ನಾಚಿಕೆ ಪಡುವವರಿದ್ದಾರೆ. 24 ಮೆಗಾಪಿಕ್ಸೆಲ್ ಚಿತ್ರ 6000 ಅಡ್ಡ, 4000 ಉದ್ದ. ಎರಡೂ ಕಡೆ ಅರ್ಧ ಕತ್ತರಿಸಿದರೂ 3000 ಅಡ್ಡ 2000 ಉಳಿಯುತ್ತದೆ, ಎ4 ಹಾಳೆಯ ಮುದ್ರಣಕ್ಕೆ ಧಾರಾಳ ಸಾಕು. ಅಂದರೆ 1:4ರಲ್ಲಿ ತೆಗೆದದ್ದು ಕತ್ತರಿಸಿದ ಮೇಲೆ 1:2ರಂತೆ ಕಾಣುತ್ತದೆ, ಪ್ರಾಣಿಗೆ ನೀವು ಬಂದದ್ದೇ ಗೊತ್ತಾಗಿರುವುದಿಲ್ಲ.

ದೂರ ಉಳಿಯುವುದರಲ್ಲಿ ಇನ್ನೊಂದು ಲಾಭ ಡೆಪ್ತ್, ಅಂದರೆ ಚೂಪಾಗಿ ಕಾಣುವ ಆಳ. ಎಫ್ ಅಂಕಿ ಹೆಚ್ಚಿದಷ್ಟೂ ಅಪರ್ಚರ್, ಅಂದರೆ ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ, ಕಿರಿದಾಗುತ್ತದೆ. ಫುಲ್ ಫ್ರೇಮ್‌ನಲ್ಲಿ ಎಫ್ 8 ಇಟ್ಟಾಗ ಸ್ಪಷ್ಟವಾಗಿ ಕಾಣುವ ಪದರದ ದಪ್ಪ 1:1ರಲ್ಲಿ ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ, 1:2ರಲ್ಲಿ 3 ಮಿ.ಮೀ. ಹತ್ತಿರ, 1:4ರಲ್ಲಿ 9-10 ಮಿ.ಮೀ. ಒಂದು ಹಲ್ಲಿಯ ಮೂತಿಯಿಂದ ಕಣ್ಣಿಗೆ ಐದಾರು ಮಿ.ಮೀ. ದೂರ. ಎದುರಿನಿಂದ 1:2ರಲ್ಲಿ ತೆಗೆದರೆ ಎಫ್ 11ಕ್ಕೂ ಸಿಗುವುದು 4 ಮಿ.ಮೀ. ಮಾತ್ರ, ಮೂಗೂ ಕಣ್ಣೂ ಎರಡೂ ಚೂಪಾಗಿ ಬರುವುದಿಲ್ಲ. ಆಗ ಮೂಗನ್ನು ಬಿಟ್ಟು ಕಣ್ಣನ್ನು ಹಿಡಿಯಬೇಕು. ಪಕ್ಕಕ್ಕೆ ಸರಿದು ಸೆನ್ಸರ್ ಮತ್ತು ಪ್ರಾಣಿಯ ಬೆನ್ನುಗೆರೆ ಒಂದಕ್ಕೊಂದು ಸಮಾನಾಂತರವಾಗುವಂತೆ ಹಿಡಿದರೆ ಅದೇ ಎಫ್ 11ರಲ್ಲಿ ಮೂತಿಯಿಂದ ಸೊಂಟದವರೆಗೂ ಹುರುಪೆಗಳನ್ನು ಎಣಿಸಬಹುದು. ಅಪರ್ಚರ್ ಕಿರಿದು ಮಾಡುವ ಮೊದಲು ಕೋನ ಸರಿ ಮಾಡಿ.

ಎಫ್ 22ಕ್ಕೆ ಹಾಕಿ ಎಲ್ಲವನ್ನೂ ಹಿಡಿಯೋಣ ಅಂದರೆ ಡಿಫ್ರ್ಯಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿ ಚಿತ್ರ ಮಸುಕಾಗುವುದು) ಅಡ್ಡ ಬರುತ್ತದೆ. ಹತ್ತಿರದ ಫೋಕಸ್‌ನಲ್ಲಿ ಲೆನ್ಸ್‌ನ ನಿಜವಾದ ಅಪರ್ಚರ್ ಬರೆದಿರುವುದಕ್ಕಿಂತ ಕಿರಿದಾಗಿ ನಡೆದುಕೊಳ್ಳುತ್ತದೆ: ಬರೆದ ಅಂಕಿಯನ್ನು ಒಂದು ಕೂಡಿಸು ವರ್ಧನೆಯಿಂದ ಗುಣಿಸಬೇಕು. 1:1ರಲ್ಲಿ ಎಫ್ 16 ಇಟ್ಟರೆ ಅದು ಎಫ್ 32ರಂತೆ. 1:2ರಲ್ಲಿ ಎಫ್ 11 ಇಟ್ಟರೆ ಎಫ್ 16ರಂತೆ. ನಿಕಾನ್ ಕ್ಯಾಮೆರಾಗಳು ಮ್ಯಾಕ್ರೋ ಲೆನ್ಸ್ ಇದ್ದಾಗ ಈ ನಿಜದ ಅಂಕಿಯನ್ನೇ ತೋರಿಸುತ್ತವೆ, ಕ್ಯಾನನ್ ಬರೆದ ಅಂಕಿಯನ್ನು ತೋರಿಸುತ್ತದೆ. ಇಬ್ಬರು ಪಕ್ಕಪಕ್ಕ ಕೂತು ಸೆಟ್ಟಿಂಗ್ ಹಂಚಿಕೊಳ್ಳುವಾಗ ಗೊಂದಲ ಆಗುವುದು ಇಲ್ಲೇ. ಚೂಪು ಮಾಯವಾಗಿ ಹುರುಪೆಗಳೆಲ್ಲ ಬೆಣ್ಣೆ ಸವರಿದಂತೆ ಕಂಡರೆ ಕೈ ನಡುಗಿದ್ದೇ ಕಾರಣ ಎಂದುಕೊಳ್ಳಬೇಡಿ, ಮೊದಲು ಅಪರ್ಚರ್ ನೋಡಿ. ಎಫ್ 11 ನಮ್ಮ ಕೆಲಸಕ್ಕೆ ಹದ. 1:4ರಲ್ಲಿ ಎಫ್ 8.

ಫೋಕಸ್ ಹಿಡಿಯುವುದು ಒಂದೇ ಬಿಂದುವಿನಿಂದ, ಕಣ್ಣಿನ ಮೇಲೆ. 1:2ಕ್ಕಿಂತ ಹತ್ತಿರವಾದಾಗ ಆಟೋಫೋಕಸ್ ಹಿಂದೆ ಮುಂದೆ ಹುಡುಕಾಡುತ್ತದೆ. ಆಗ ಮ್ಯಾನ್ಯುಯಲ್‌ಗೆ ಹಾಕಿ ಮೈಯನ್ನೇ ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಆಡಿಸುತ್ತಾ ನಾಲ್ಕೈದು ಚಿತ್ರ ಒಟ್ಟಿಗೆ ಹೊಡೆಯಿರಿ, ಒಂದು ಸರಿ ಬಿದ್ದಿರುತ್ತದೆ.

ಕಲ್ಲು ಮತ್ತು ಬಿಸಿಲು

ಸರೀಸೃಪಕ್ಕೆ ಮೈಬಿಸಿ ಹೊರಗಿನಿಂದ ಬರಬೇಕು. ಹಾಗಾಗಿ ಅದು ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದನ್ನು ಕಲ್ಲೇ ಹೇಳುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳ ಕಲ್ಲು ಮೂರು ಥರ, ಛಾಯಾಗ್ರಾಹಕರಿಗೆ ಇದು ದೊಡ್ಡ ಅನುಕೂಲ.

ಕಲಬುರಗಿ ಸುತ್ತ ಎರೆ ಭೂಮಿ, ಅದರ ಕೆಳಗೆ ಕರಿಗಲ್ಲು. ಶಹಾಬಾದ್, ಸೇಡಂ ಕಡೆ ಪದರ ಪದರ ಸುಣ್ಣದ ಕಲ್ಲು. ಶಹಾಬಾದ್ ಫರಸಿಯ ನೀಲಿ-ಬೂದು ಬಣ್ಣ ಕ್ಯಾಮೆರಾದ ಮೀಟರ್ ಬಯಸುವ ನಡು ಬೂದಿಗೆ ಹತ್ತಿರ, ಎಕ್ಸ್‌ಪೋಷರ್ ತಲೆನೋವು ಕಡಿಮೆ. ಎರೆಮಣ್ಣಿನ ಮೇಲೆ ಹಾಗಲ್ಲ. ಕಪ್ಪು ನೆಲ ನೋಡಿ ಮೀಟರ್ ಬೆಳಕು ಹೆಚ್ಚಿಸುತ್ತದೆ, ಓತಿಯ ಮಾಸಲು ಹೊಟ್ಟೆ ಸುಟ್ಟು ಬೆಳ್ಳಗಾಗುತ್ತದೆ. ಮುಕ್ಕಾಲಿನಿಂದ ಒಂದು ಸ್ಟಾಪ್ ತಗ್ಗಿಸಿ ಇಡಿ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ). ಬೀದರಿನದು ಕೆಂಪು ಜಂಬಿಟ್ಟಿಗೆ ಕಲ್ಲು, ಬಹಮನಿಗಳ ಕೋಟೆಯೂ ಅದರದ್ದೇ. ತೂತುತೂತಾದ ಆ ಕಲ್ಲು ಹಲ್ಲಿಗಳಿಗೆ ಹೇಳಿ ಮಾಡಿಸಿದ ಮನೆ. ಆದರೆ ಬಿಸಿಲು ಅದರ ಮೇಲೆ ಬಿದ್ದು ಪುಟಿದಾಗ ಪ್ರಾಣಿಯ ಗಂಟಲು, ಹೊಟ್ಟೆಗೆಲ್ಲ ಕೆಂಪು ಛಾಯೆ ಹತ್ತುತ್ತದೆ. ಬಣ್ಣದ ಛಾಯೆಯನ್ನು ತಾನೇ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಸರಿಮಾಡಲು ಹೋಗಿ ಬೆನ್ನನ್ನು ನೀಲಿ ಮಾಡುತ್ತದೆ. 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಆಮೇಲೆ ಬಣ್ಣ ತಿದ್ದಲು ಬರುವ ರಾ ಫೈಲ್ ತೆಗೆಯಿರಿ. ಕೋಟೆಯ ಒಳಗೆ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು ಎಂಬುದು ನೆನಪಿರಲಿ. ಯಾದಗಿರಿ, ಶಹಾಪುರ, ಸುರಪುರದ ಗುಡ್ಡಗಳು ಗ್ರಾನೈಟ್ ಬಂಡೆಗಳವು. ಅಲ್ಲಿ ಬಂಡೆ ಓತಿಗಳ ರಾಜ್ಯ. ಸಂತಾನದ ಕಾಲದಲ್ಲಿ ಗಂಡಿನ ಬೆನ್ನು ಕೆಂಪು-ಹಳದಿ, ಪಕ್ಕೆ ಕಪ್ಪು. ಈ ಬಣ್ಣ ಕ್ಷಣಗಳಲ್ಲಿ ಬದಲಾಗುತ್ತದೆ. ಹತ್ತು ಸೆಕೆಂಡ್ ಅಂತರದ ಎರಡು ಚಿತ್ರ ಎರಡು ಬೇರೆ ಪ್ರಾಣಿಯಂತೆ ಕಂಡರೆ ಆಶ್ಚರ್ಯಪಡಬೇಡಿ. ನೀವು ಹತ್ತಿರವಾದಂತೆ ಬಣ್ಣ ಮಂಕಾಗುತ್ತಿದ್ದರೆ ಮಾತ್ರ ಅದು ನಿಮ್ಮಿಂದ, ಹಿಂದೆ ಸರಿಯಿರಿ.

ಹೊತ್ತಿನ ವಿಷಯ. ಡಿಸೆಂಬರ್-ಜನವರಿಯಲ್ಲಿ ಬೀದರಿನ ಚಳಿ ನಿಮಗೆ ಗೊತ್ತೇ ಇದೆ, ರಾಜ್ಯದಲ್ಲೇ ಅತಿ ಕಡಿಮೆ ಉಷ್ಣಾಂಶ ಎಷ್ಟೋ ಸಲ ಅಲ್ಲೇ ದಾಖಲಾಗುತ್ತದೆ. ಆ ದಿನಗಳಲ್ಲಿ ಆರಕ್ಕೆ ಎದ್ದು ಓಡುವುದರಲ್ಲಿ ಅರ್ಥವಿಲ್ಲ. ಓತಿಗಳು ಹೊರಗೆ ಬರುವುದು ಎಂಟೂವರೆ-ಒಂಬತ್ತಕ್ಕೆ. ಬಂದ ಮೇಲೆ ಅರ್ಧ ಮುಕ್ಕಾಲು ಗಂಟೆ ಮೈ ಚಪ್ಪಟೆ ಮಾಡಿ ಬಿಸಿಲಿಗೆ ಒಡ್ಡಿ ಕೂತೇ ಇರುತ್ತವೆ. ವರ್ಷದಲ್ಲಿ ಅತಿ ಸುಲಭದ ಚಿತ್ರಗಳು ಸಿಗುವುದು ಆಗ. ಹಾಗಂತ ಚಳಿಯಲ್ಲಿ ಅದು ಓಡಲಾರದು ಎಂಬುದನ್ನು ದುರುಪಯೋಗ ಮಾಡಿಕೊಂಡು ಮೂಗಿಗೆ ಮೂಗು ತಾಗಿಸಬೇಡಿ, ನಿಮ್ಮ ನೆರಳು ಅದರ ಬಿಸಿಲನ್ನು ಕಸಿಯಬಾರದು. ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ. ಹತ್ತರ ನಂತರ ಎರೆ ಹೊಲದ ಮೇಲೆ ಬಿಸಿಗಾಳಿ ಕುದಿಯುತ್ತದೆ, 300 ಮಿ.ಮೀ. ಲೆನ್ಸ್ ನೆಲಕ್ಕೆ ತಾಗಿಸಿ ಎರಡು ಮೀಟರ್ ದೂರದ್ದನ್ನು ತೆಗೆದರೂ ಚಿತ್ರ ನೀರಿನೊಳಗೆ ಕಂಡಂತೆ ಅಲುಗುತ್ತದೆ. ಇದನ್ನು ಯಾವ ಶಟರ್ ವೇಗವೂ ಸರಿ ಮಾಡದು, ಲೆನ್ಸ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಹೋಗಬೇಡಿ.

ಬೀಸಣಿಕೆ ಬಿಚ್ಚುವ ಓತಿ

ನಮ್ಮ ಬಯಲಿನ ಅತಿ ಚೆಂದದ ಪ್ರಾಣಿಗಳಲ್ಲಿ ಇದೊಂದು, ಅತಿ ಹೆಚ್ಚು ಕೆಟ್ಟ ಚಿತ್ರಗಳಿರುವುದೂ ಇದರದ್ದೇ. ತೊಗರಿ ಕೊಯ್ದ ಮೇಲೆ ಬರಿದಾದ ಹೊಲ, ಕುರಿ ಮೇಯುವ ಪಡಾ ಭೂಮಿ, ಕಲ್ಲುಮಿಶ್ರಿತ ಬಯಲು ಇದರ ನೆಲೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಗಂಡು ಒಂದು ಎತ್ತರದ ಕಲ್ಲು ಏರಿ ಗಂಟಲಿನ ಚರ್ಮವನ್ನು ಬಿಚ್ಚಿ ಮುಚ್ಚಿ ಮಾಡುತ್ತದೆ. 2016ರಲ್ಲಿ ವಿಜ್ಞಾನಿಗಳು ಹಳೆಯ ಸಿಟಾನಾ ಕುಲದಿಂದ ಬಣ್ಣದ ದೊಡ್ಡ ಬೀಸಣಿಕೆಯ ಕೆಲವನ್ನು ಬೇರ್ಪಡಿಸಿ ಸರಡಾ ಎಂಬ ಹೊಸ ಕುಲ ಮಾಡಿದರು. ಮರಾಠಿಯಲ್ಲಿ ಓತಿಗೆ ಸರಡಾ ಎನ್ನುತ್ತಾರೆ, ಬೀದರ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ಕುಲದ್ದಕ್ಕೆ ಹಿಂಗಾಲಿನಲ್ಲಿ ನಾಲ್ಕೇ ಬೆರಳು, ಓತಿಕ್ಯಾತನಿಗೆ ಐದು. ಆದ್ದರಿಂದ ಹಿಂಗಾಲು ಹುಲ್ಲಿನ ಮರೆಗೆ ಹೋಗದಂತೆ ಒಂದು ಚಿತ್ರವಾದರೂ ಇರಲಿ. ಪ್ರಭೇದ ಗುರುತಿಸಲು ಬೀಸಣಿಕೆಯ ಬಣ್ಣವಷ್ಟೇ ಸಾಲದು, ಅದು ಹೊಟ್ಟೆಯ ಕಡೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಮುಖ್ಯ. ತಲೆಗೇ ಚೌಕಟ್ಟು ಕಟ್ಟಿದವರ ಚಿತ್ರ ಗೋಡೆಗೆ ಚೆಂದ, ಗುರುತಿಗೆ ಉಪಯೋಗವಿಲ್ಲ.

ಈ ಬೀಸಣಿಕೆ ಗಂಟಲಿನ ನಡುಗೆರೆಯಲ್ಲಿ ಇಳಿಬಿದ್ದ ಒಂದೇ ಪದರ. ಎದುರಿನಿಂದ ನೋಡಿದರೆ ಕಾಣುವುದು ಒಂದು ಗೆರೆ ಮಾತ್ರ. ಆದ್ದರಿಂದ ಕಲ್ಲಿಗೆ ಅಡ್ಡವಾಗಿ, ಪಕ್ಕದ ನೋಟ ಸಿಗುವಂತೆ ಕೂರಬೇಕು. ಗಂಡು ತನ್ನ ಕಲ್ಲುಗಳನ್ನು ಸುಲಭಕ್ಕೆ ಬಿಡುವುದಿಲ್ಲ. ಓಡಿಹೋದರೂ ನೀವು ಅಲುಗದೆ ಇದ್ದರೆ ಸ್ವಲ್ಪ ಹೊತ್ತಿಗೆ ಅದೇ ಕಲ್ಲಿಗೋ ಪಕ್ಕದ್ದಕ್ಕೋ ಬರುತ್ತದೆ. ಮೊದಲು ದೂರದಿಂದ ಹತ್ತು ನಿಮಿಷ ನೋಡಿ ಯಾವ ಕಲ್ಲು ಎಂದು ತಿಳಿದುಕೊಳ್ಳಿ. ಅದು ಇಲ್ಲದಾಗ ಒಂದೂವರೆ-ಎರಡು ಮೀಟರ್‌ಗೆ ಹೋಗಿ, ಸೂರ್ಯನನ್ನು ಬೆನ್ನಿಗೆ ಅಥವಾ ಓರೆಗೆ ಇಟ್ಟುಕೊಂಡು, ನೆರಳು ಕಲ್ಲಿನ ಮೇಲೆ ಬೀಳದಂತೆ ಮಲಗಿ. ಕಲ್ಲಿನ ತುದಿಗೆ ಮೊದಲೇ ಫೋಕಸ್ ಕಟ್ಟಿಕೊಳ್ಳಿ. ಬಿಚ್ಚಿ ಮುಚ್ಚುವುದು ಕಣ್ಣು ಮಿಟುಕಿಸುವಷ್ಟು ಬೇಗ. 1/1000ಕ್ಕಿಂತ ನಿಧಾನದ ಶಟರ್‌ನಲ್ಲಿ ಬೀಸಣಿಕೆಯ ಅಂಚು ಮಸುಕಾಗುತ್ತದೆ. ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 400-800, ಎಫ್ 8, ಸತತ ಚಿತ್ರಗಳ ಮೋಡ್. ನೀಲಿ ಇರುವ ಬೀಸಣಿಕೆಯಾದರೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂನ ನೀಲಿ ಗೆರೆಯನ್ನೇ ಬೇರೆಯಾಗಿ ನೋಡಿ. ಒಟ್ಟು ಬೆಳಕು ಸರಿಯಿದ್ದರೂ ನೀಲಿ ಒಂದೇ ತುಂಬಿ ಉಕ್ಕಿರುತ್ತದೆ, ಆಗ ಹುರುಪೆಗಳ ವಿವರ ಹೋಗಿ ಬಣ್ಣ ಬಳಿದಂತೆ ಕಾಣುತ್ತದೆ. ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ತಗ್ಗಿಸಿದರೆ ಉಳಿಯುತ್ತದೆ.

ಮಲಗಲು ಮಡಚಿದ ಹಳೆ ಕೌದಿಗಿಂತ ಒಳ್ಳೆಯ ಸಾಮಾನು ಇಲ್ಲ. ಮೊಣಕೈ, ಮೊಣಕಾಲು ಎರಡೂ ಉಳಿಯುತ್ತವೆ, ನೆಗ್ಗಿಲ ಮುಳ್ಳೂ ಚುಚ್ಚುವುದಿಲ್ಲ. ಕ್ಯಾಮೆರಾದ ಕೆಳಗೆ ಒಂದು ಕಿಲೋ ಜೋಳ ಸಡಿಲವಾಗಿ ತುಂಬಿದ ಬಟ್ಟೆ ಚೀಲ ಇಟ್ಟರೆ ಲೆನ್ಸ್ ನೆಲಕ್ಕೆ ಮೂರು ಬೆರಳ ಎತ್ತರದಲ್ಲಿ ನಿಲ್ಲುತ್ತದೆ, ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಚೀಲ ಬಿಗಿಯಾಗಿ ತುಂಬಬೇಡಿ, ಅರ್ಧಕ್ಕಿಂತ ತುಸು ಹೆಚ್ಚು ಸಾಕು. ಎರೆ ನೆಲದ ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಸೆನ್ಸರ್ ಮೇಲೆ ಕೂತ ಧೂಳು ಎಫ್ 4ರಲ್ಲಿ ಕಾಣದಿದ್ದರೂ ಎಫ್ 11ರಲ್ಲಿ ಕರಿ ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಹತ್ತಿರವಾಗುವಾಗ ನೇರ ಅದರ ಕಡೆಗೆ ನಡೆಯಬೇಡಿ, ಓರೆಯಾಗಿ, ಬೇರೆ ಕಡೆ ಹೋಗುವವರಂತೆ ಸರಿಯಿರಿ. ಅದು ತಲೆ ಎತ್ತಿದರೆ ನಿಲ್ಲಿ. ಮುಂಗಾಲಿನ ಮೇಲೆ ಮೈ ಎತ್ತಿ ಇಳಿಸಿದರೆ, ಮೈಯನ್ನು ಪಕ್ಕಕ್ಕೆ ಚಪ್ಪಟೆ ಮಾಡಿ ನಿಮಗೆ ತೋರಿಸಿದರೆ, ಬಾಯಿ ತೆರೆದರೆ, ನೀವು ಆಗಲೇ ದಾಟಬಾರದ ಗೆರೆ ದಾಟಿದ್ದೀರಿ. ಕಲ್ಲನ್ನು ಸರಿಸಿ ಹಿನ್ನೆಲೆ ಚೊಕ್ಕ ಮಾಡುವ ಚಟ ಕೆಲವರಿಗಿದೆ. ಕಲ್ಲಿನ ಕೆಳಗೆ ಚೇಳಿರಬಹುದು ಎಂಬುದು ನಿಮ್ಮ ಸಮಸ್ಯೆ; ಆ ಕಲ್ಲು ಅದರ ಸಿಂಹಾಸನ ಎಂಬುದು ಅದರ ಸಮಸ್ಯೆ.

ಫ್ಲಾಶ್

ಹಗಲಲ್ಲೂ ಫ್ಲಾಶ್ ಬೇಕಾಗುತ್ತದೆ, ತಲೆಯ ಮೇಲಿನ ಬಿಸಿಲಿನಲ್ಲಿ ಕಣ್ಣು ಹುಬ್ಬಿನ ನೆರಳಿಗೆ ಬೀಳುವುದರಿಂದ. ಐಎಸ್ಒ 100, ಶಟರ್ 1/200, ಎಫ್ 11 ಎಂದರೆ ನಿಚ್ಚಳ ಬಿಸಿಲಿಗೆ ಸರಿಯಾದ ಎಕ್ಸ್‌ಪೋಷರ್. 1:2ರಲ್ಲಿ ಲೆನ್ಸ್ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು ಬೆಳಕು ನುಂಗುವುದರಿಂದ ಐಎಸ್ಒ 200 ಮಾಡಿ. ಇದರ ಮೇಲೆ ಫ್ಲಾಶನ್ನು ಅದರ ಪೂರ್ತಿ ಶಕ್ತಿಯ 1/32ರಷ್ಟು ಚಿಮುಕಿಸಿದರೆ ಕಣ್ಣು ಜೀವ ತಳೆಯುತ್ತದೆ. ನೆರಳಿನಲ್ಲಿ, ರಾತ್ರಿಯಲ್ಲಿ 1/16ರಿಂದ 1/8.

ಬೆಳಕನ್ನು ಮೆತ್ತಗೆ ಮಾಡುವ ಡಿಫ್ಯೂಸರ್‌ಗೆ ದುಡ್ಡು ಸುರಿಯಬೇಕಿಲ್ಲ. ಟಿವಿ, ಮಿಕ್ಸರ್ ಪೆಟ್ಟಿಗೆಯಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ, ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ. ಅದನ್ನು ಕಮಾನಾಗಿ ಬಾಗಿಸಿ ಲೆನ್ಸ್ ತುದಿಗೂ ಫ್ಲಾಶ್ ತಲೆಗೂ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಫ್ಲಾಶ್ ತಲೆ ಮತ್ತು ಹಾಳೆಯ ನಡುವೆ ಹತ್ತು ಸೆಂ.ಮೀ. ಆದರೂ ಜಾಗ ಇರಲಿ. ತಾಗಿಸಿ ಕಟ್ಟಿದರೆ ಬೆಳಕು ಹಾಳೆಯ ನಡುವೆಯೇ ಗುಡ್ಡೆಯಾಗಿ ನಿಲ್ಲುತ್ತದೆ, ಹರಡುವುದಿಲ್ಲ. ಡಿಫ್ಯೂಸರ್ ಪ್ರಾಣಿಗೆ ಎಷ್ಟು ಹತ್ತಿರವೋ ಅಷ್ಟು ಮೆತ್ತಗಿನ ಬೆಳಕು. ದೂರ ಎರಡು ಪಟ್ಟಾದರೆ ನಾಲ್ಕು ಪಟ್ಟು ಶಕ್ತಿ ಬೇಕು, 1/16 ಇದ್ದದ್ದು 1/4 ಆಗುತ್ತದೆ, ಫ್ಲಾಶ್ ಮತ್ತೆ ತುಂಬಿಕೊಳ್ಳಲು ತಡ ಮಾಡುತ್ತದೆ. ಹಾಗಾಗಿ ಮೀಟರ್ ದೂರದಿಂದ ತೆಗೆಯುವಾಗ ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ, ಟ್ರಿಗರ್ ಹಾಕಿ, ಮೊದಲೇ ಕಲ್ಲಿನ ಹತ್ತಿರ ಇಟ್ಟುಬಿಡುವುದು ಲೇಸು.

ಕಣ್ಣಿನಲ್ಲಿ ಮೂಡುವ ಪ್ರತಿಬಿಂಬ ನೋಡಿದರೆ ಯಾರು ಯಾವ ಫ್ಲಾಶ್ ಬಳಸಿದ್ದಾರೆ ಎಂದು ಹೇಳಬಹುದು: ಎರಡು ತಲೆಯದ್ದಾದರೆ ಎರಡು ಬಿಳಿ ಚುಕ್ಕೆ, ರಿಂಗ್ ಫ್ಲಾಶ್ ಆದರೆ ಉದ್ದಿನ ವಡೆ. ಹಾವುರಾಣಿಯ ನುಣುಪು ಹುರುಪೆ ಇನ್ನೂ ಕಷ್ಟ, ಒಂದೊಂದು ಹುರುಪೆಯೂ ಕನ್ನಡಿ. ಫ್ಲಾಶ್ ಮುಂದೆ ಹೊಳಪು ತಡೆಯುವ ಪೋಲರೈಸಿಂಗ್ ಹಾಳೆ, ಲೆನ್ಸ್ ಮುಂದೆ ಪೋಲರೈಸರ್ ಅಡ್ಡವಾಗಿ ಹಾಕಿದರೆ ಹೊಳಪು ಪೂರ್ತಿ ಹೋಗಿ ಕಂಚಿನ ಬಣ್ಣ ಎದ್ದು ಬರುತ್ತದೆ. ಬೆಲೆಯಾಗಿ ಎರಡು-ಮೂರು ಸ್ಟಾಪ್ ಬೆಳಕು ಕೊಡಬೇಕು. ಪೂರ್ತಿ ಅಡ್ಡ ಹಾಕಿದರೆ ಕಣ್ಣಿನ ಮಿಂಚೂ ಹೋಗಿ ಸತ್ತ ಪ್ರಾಣಿಯಂತೆ ಕಾಣುತ್ತದೆ. ಪೋಲರೈಸರನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಒಂದಿಷ್ಟು ಹೊಳಪು ಉಳಿಯಲಿ.

ರಾತ್ರಿ ಹಲ್ಲಿಗಳ ಕಣ್ಣು ಬೇರೆಯೇ ಯಂತ್ರ. ಸಹಾರಾ ಕರಾವಳಿಯ ಒಂದು ಹಲ್ಲಿಯ ಕಣ್ಣು ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವುದರಲ್ಲಿ ಮನುಷ್ಯನ ಕಣ್ಣಿಗಿಂತ ಸುಮಾರು 350 ಪಟ್ಟು ಸೂಕ್ಷ್ಮ ಎಂದು ಲೆಕ್ಕ ಹಾಕಿದ್ದಾರೆ. ಇಂಥ ಕಣ್ಣಿನ ಮೇಲೆ ಜೋರು ಟಾರ್ಚ್ ಬಿಟ್ಟರೆ ಪಾಪೆ ಕೂದಲೆಳೆಯಷ್ಟು ಗೆರೆಯಾಗಿ ಮುಚ್ಚಿಕೊಳ್ಳುತ್ತದೆ. ದುಂಡು ಪಾಪೆಯ ಚಿತ್ರ ಬೇಕಾದರೆ ಮಂದ ಬೆಳಕಿನಲ್ಲಿ, ಅದೂ ಪಕ್ಕಕ್ಕೆ ಬಿಟ್ಟು ಫೋಕಸ್ ಮಾಡಿ. ಫ್ಲಾಶ್ ಪಾಪೆ ಮುಚ್ಚುವುದರೊಳಗೆ ಮುಗಿದಿರುತ್ತದೆ. ನಾಲ್ಕೈದು ಚಿತ್ರ ಸಾಕು, ಆಮೇಲೆ ಕತ್ತಲು ಬಿಟ್ಟು ಬನ್ನಿ. ಕಲ್ಲುಗುಡ್ಡಗಳಲ್ಲಿ ಚಿರತೆ ಹಲ್ಲಿ ಸಿಕ್ಕರೆ ಅದರ ಗುರುತು ಸುಲಭ: ಕಣ್ಣಿಗೆ ರೆಪ್ಪೆ ಇದೆ, ಬೆರಳಡಿ ಅಂಟುಪಟ್ಟಿ ಇಲ್ಲ. ಮನೆ ಹಲ್ಲಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಪೊರೆಯನ್ನು ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತದೆ. ಆ ಕ್ಷಣದ ಚಿತ್ರಕ್ಕೆ ಕಾಯಬಹುದು. ಚಿರತೆ ಹಲ್ಲಿಯನ್ನೂ ಹಾವುರಾಣಿಯನ್ನೂ ವಿಷದ್ದು ಎಂದು ಬಡಿದು ಹಾಕುತ್ತಾರೆ. ಎರಡಕ್ಕೂ ವಿಷವಿಲ್ಲ.

ವಿಷವಿರುವುದು

ಫರಸಿ ಖಣಿಗಳ ಕಲ್ಲುರಾಶಿ, ಬಂಡೆಯ ಸಂದು, ಬಳ್ಳಾರಿ ಜಾಲಿಯ ಬುಡ ಎಲ್ಲವೂ ಗರಗಸಮಂಡಲದ ಜಾಗಗಳು. ಚಿಕ್ಕ ಹಾವು, ಅದಕ್ಕೇ ಮ್ಯಾಕ್ರೋ ಲೆನ್ಸ್ ಹಿಡಿದವರು ಮೋಸ ಹೋಗುತ್ತಾರೆ. ಸುತ್ತಿ ಕೂತು ಮೈಯ ಗರಗಸದಂಥ ಹುರುಪೆಗಳನ್ನು ಉಜ್ಜಿ ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು ಮಾಡಿದರೆ ಅದು ಕೊನೆಯ ಎಚ್ಚರಿಕೆ. ವಿಷದ ಹಾವಿಗೆ ಒಂದೂವರೆ ಮೀಟರ್‌ಗಿಂತ ಹತ್ತಿರದ ಚಿತ್ರವೇ ಬೇಡ, 100 ಮಿ.ಮೀ. ಮ್ಯಾಕ್ರೋ ಚೀಲದಲ್ಲೇ ಇರಲಿ, 300 ಮಿ.ಮೀ. ಹಾಕಿ ನಿಂತೇ ತೆಗೆಯಿರಿ, ಮಲಗಬೇಡಿ. ಕಣ್ಣು ನೀಲಿಗಟ್ಟಿದ ಹಾವು ಪೊರೆ ಬಿಡುವ ಹಂತದಲ್ಲಿದೆ, ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಬೇಗ ಕೆರಳುತ್ತದೆ; ಬಿಟ್ಟು ಹೊರಡಿ. ಪಾದದ ಗಂಟು ಮುಚ್ಚುವ ಬೂಟು, ಕಾಣದ ಜಾಗಕ್ಕೆ ಕೈ ಇಡದಿರುವುದು, ಒಬ್ಬರೇ ಹೋಗದಿರುವುದು ಇಷ್ಟು ಕಡ್ಡಾಯ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಉಂಗುರ, ಗಡಿಯಾರ ತೆಗೆದು, ಆ ಅಂಗವನ್ನು ಅಲುಗಿಸದೆ, 108ಕ್ಕೆ ಕರೆ ಮಾಡಿ ಜಿಲ್ಲಾಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಹಾಗಾಗಿ ತೋರಿಸಲೆಂದು ಹಾವನ್ನು ಹಿಡಿದು ಒಯ್ಯುವ ಅಗತ್ಯವಿಲ್ಲ.

ಕಾನೂನು ಚುಟುಕಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೆ ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಸರೀಸೃಪಗಳ ಮೊಟ್ಟೆ-ಗೂಡು ಕದಡುವುದು ಎಲ್ಲವೂ ಸೇರಿವೆ. ಚಿತ್ರಕ್ಕಾಗಿ ಮಾಡಿದೆ ಎಂಬುದು ನೆಪವಾಗದು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದೊಳಗೆ ಕ್ಯಾಮೆರಾ ಹಿಡಿದು ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ನಕ್ಷತ್ರ ಆಮೆ, ಮಣ್ಣುಮುಕ್ಕ ಹಾವು ಸಿಕ್ಕರೆ ಚಿತ್ರ ಹಂಚುವ ಮುನ್ನ ಫೈಲಿನಿಂದ ಜಿಪಿಎಸ್ ಅಳಿಸಿ, ಊರಿನ ಹೆಸರೂ ಬೇಡ. ಎರಡಕ್ಕೂ ಕಳ್ಳ ಮಾರುಕಟ್ಟೆ ಇದೆ, ನಿಮ್ಮ ಚಿತ್ರವನ್ನು ಅವರೂ ನೋಡುತ್ತಾರೆ.

ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡಲಾಗಿದೆ.

"ಫ್ರಿಜ್‌ನ್ಯಾಗ ಹತ್ತು ನಿಮಿಷ ಇಟ್ಟು ತಗದ್ರ ಅಲುಗಾಡಂಗಿಲ್ಲ ಅಂತಾರಲ್ರಿ, ಖರೇನ?"

ಅಲುಗಾಡುವುದಿಲ್ಲ, ನಿಜ. ತಣ್ಣಗಾದ ಪ್ರಾಣಿಗೆ ಸ್ನಾಯು ಕೆಲಸ ಮಾಡುವುದಿಲ್ಲ, ಅದು ಶಾಂತವಾಗಿರುವುದಲ್ಲ. ಚಿತ್ರದಲ್ಲೂ ಅದು ಗೊತ್ತಾಗುತ್ತದೆ: ಮೈ ನೆಲಕ್ಕೆ ಬಿದ್ದಿರುತ್ತದೆ, ಕಾಲು ಮೈಯ ಭಾರ ಹೊತ್ತಿರುವುದಿಲ್ಲ, ಬಣ್ಣ ಕಪ್ಪಿಟ್ಟಿರುತ್ತದೆ. ಬಿಟ್ಟ ಮೇಲೆ ಅದು ಮತ್ತೆ ಬಿಸಿಯಾಗುವವರೆಗೆ ಕಾಗೆ, ಬೆಕ್ಕಿಗೆ ಸುಲಭದ ತುತ್ತು. ಹಿಡಿಯುವಾಗ ಹಲ್ಲಿ ಬಾಲ ಕಳಚಿದರೆ ಅದರಲ್ಲಿ ಕೂಡಿಟ್ಟ ಕೊಬ್ಬೂ ಹೋಯಿತು. ಮತ್ತೆ ಬೆಳೆಯುವ ಬಾಲದೊಳಗೆ ಬೆನ್ನೆಲುಬು ಇರುವುದಿಲ್ಲ, ಮೃದ್ವಸ್ಥಿಯ ಕಡ್ಡಿ ಮಾತ್ರ. ಓತಿಕ್ಯಾತನಿಗಂತೂ ಹೀಗೆ ಬಾಲ ಮರಳಿ ಬರುವುದೇ ಇಲ್ಲ.

"ಫೋಕಸ್ ಸ್ಟ್ಯಾಕಿಂಗ್ ಮಾಡಬಹುದೇ?"

ಸ್ಟ್ಯಾಕಿಂಗ್ ಎಂದರೆ ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ ಚಿತ್ರಗಳನ್ನು ಜೋಡಿಸಿ ಒಂದು ಮಾಡುವುದು. ಚಳಿಗಾಲದ ಬೆಳಿಗ್ಗೆ, ಪ್ರಾಣಿ ಬಿಸಿಲಿಗೆ ಕೂತಾಗ, ಫೋಕಸ್ ತಾನೇ ಸರಿಸುತ್ತಾ ಹೋಗುವ ಕ್ಯಾಮೆರಾದೊಳಗಿನ ಬ್ರಾಕೆಟಿಂಗ್‌ನಿಂದ ಐದಾರು ಚಿತ್ರ ಸರಸರನೆ ತೆಗೆದರೆ ಕೆಲವು ಸಲ ಕೂಡುತ್ತವೆ. ಕೂಡದಿರುವುದಕ್ಕೆ ಕಾರಣ ಉಸಿರು. ಗಂಟಲು ಮಿಡಿಯುತ್ತಲೇ ಇರುತ್ತದೆ. ಜೋಡಿಸಿದಾಗ ಗಂಟಲ ಅಂಚು ಎರಡೆರಡಾಗಿ ಬರುತ್ತದೆ. ತಲೆಯ ಭಾಗಕ್ಕೆ ಸ್ಟ್ಯಾಕ್, ಗಂಟಲಿಗೆ ಒಂದೇ ಚಿತ್ರ ಎಂದು ಮಾಸ್ಕ್ ಹಾಕಿ ಸೇರಿಸಬೇಕು.

"ನಮ್ಮ ಹತ್ರ ಮೊಬೈಲ್ ಬಿಟ್ರ ಏನೂ ಇಲ್ರಿ. ಅದ್ರಾಗ ಬರಂಗಿಲ್ಲೇನ್ರಿ?"

ಬರುತ್ತದೆ, ಆದರೆ ಮೊಬೈಲಿನ ಮ್ಯಾಕ್ರೋ ಮೋಡ್‌ನಿಂದ ಅಲ್ಲ. ಹೆಚ್ಚಿನ ಫೋನ್‌ಗಳಲ್ಲಿ ಅದು ಅತಿ ಅಗಲದ ಲೆನ್ಸ್ ಬಳಸುತ್ತದೆ, ಎರಡು-ಮೂರು ಸೆಂ.ಮೀ.ಗೆ ಹೋಗಬೇಕಾಗುತ್ತದೆ, ಅಷ್ಟರಲ್ಲಿ ಓತಿಯೂ ಇಲ್ಲ, ಬೆಳಕೂ ಇಲ್ಲ. ಟೆಲಿ ಲೆನ್ಸ್ ಇರುವ ಫೋನ್ ಆದರೆ ಅದರ ಮೇಲೆ ಕ್ಲಿಪ್ ಹಾಕುವ 10 ಡಯಾಪ್ಟರ್ ಗಾಜು ಕೂರಿಸಿ, ಹತ್ತು ಸೆಂ.ಮೀ. ದೂರ ಸಿಗುತ್ತದೆ. ಅದೂ ಇಲ್ಲದಿದ್ದರೆ ಮನೆಯ ಕಿಟಕಿಯೇ ಸ್ಟುಡಿಯೋ. ಗಾಜಿನ ಹೊರಗೆ ಹಲ್ಲಿ, ಒಳಗೆ ನೀವು. ನಡುವೆ ಗಾಜು ಇರುವುದರಿಂದ ಅದು ನಿಮ್ಮನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಪ್ರಭೇದ ಗುರುತಿಸಲು ಬೇಕಾದ ಬಹಳಷ್ಟು ಹೊಟ್ಟೆಯ ಕಡೆ ಇರುತ್ತದೆ: ಬೆರಳಡಿಯ ಅಡ್ಡಪಟ್ಟಿಗಳ ಸಂಖ್ಯೆ, ಗಂಡಿನ ತೊಡೆಯ ಒಳಗಿನ ರಂಧ್ರಗಳ ಸಾಲು. ಬಸುರಿಯಾದರೆ ಚರ್ಮದೊಳಗೆ ಎರಡು ಬಿಳಿ ಮೊಟ್ಟೆಗಳೂ ಕಾಣುತ್ತವೆ. ಹಿಡಿದು ಮಗುಚಿ ನೋಡಬೇಕಾದ್ದನ್ನೆಲ್ಲ ಗಾಜು ತೋರಿಸಿಬಿಡುತ್ತದೆ. ಸಂಜೆಗೆ ಗಾಜನ್ನು ಎರಡೂ ಬದಿ ಒರೆಸಿಡಿ, ಹಲ್ಲಿ ಬಂದ ಮೇಲೆ ಒರೆಸಲು ಹೋಗಬೇಡಿ. ಹುಳ ಬರಲು ಹೊರಗಿನ ಬಲ್ಬ್ ಉರಿಯಲಿ, ಒಳಗಿನ ದೀಪ ಆರಿಸಿ. ಫೋನನ್ನು ಗಾಜಿಗೆ ನೇರ ಹಿಡಿದು, ಇನ್ನೊಂದು ಕೈಯಲ್ಲಿ ಸಣ್ಣ ಟಾರ್ಚನ್ನು ಪಕ್ಕದಿಂದ ತೀರ ಓರೆಯಾಗಿ ಬಿಡಿ. ಬೆಳಕು ನೇರ ಬಿಟ್ಟರೆ ಗಾಜಿನಲ್ಲಿ ನಿಮ್ಮ ಮುಖವೇ ಬರುತ್ತದೆ.